ಟೂರಿಂಗ್ ಬೈಕ್ ತಗೊಳ್ತಿದೀರಾ? ಮೊದ್ಲು ಶೋರೂಮಿನ ಹಿಂದ್ಗಡೆ ಗೇಟ್ ನೋಡ್ಕೊಂಡು ಬನ್ನಿ

ನಮ್ಮಜ್ಜ ಯಾವ ಹೋಟ್ಲಿಗೆ ಹೋದ್ರೂ ಮೊದ್ಲು ಕೈ ತೊಳೆಯೋ ಜಾಗಕ್ಕೆ ಹೋಗಿ ಬರೋರು, ಅಲ್ಲಿ ನಲ್ಲಿ ಸೋರ್ತಿದ್ರೆ, ಬೇಸಿನ್ನಲ್ಲಿ ಅನ್ನದ ಅಗುಳು ಬಿದ್ದಿದ್ರೆ "ನಡಿಯೋ ಮುಂದಿನ್ ಹೋಟ್ಲಿಗೆ" ಅಂದ್ಬಿಡೋರು, ಮುಂದ್ಗಡೆ ಎಷ್ಟೇ ಲೈಟ್ ಹಾಕಿದ್ರೂ ಕೇರ್ ಮಾಡ್ತಿರ್ಲಿಲ್ಲ. ಬೈಕ್ ಡೀಲರ್ ಆರಿಸೋದೂ ಅದೇ ಲೆಕ್ಕ ಅಂತ ನಂಗೆ ಗೊತ್ತಾಗಿದ್ದು ಎರಡನೇ ಬೈಕ್ ತಗೊಳ್ಳೋವಾಗ, ಅದೂ ಮೊದಲನೇ ಬೈಕಲ್ಲಿ ಸರ್ಯಾಗಿ ಪೆಟ್ಟು ತಿಂದ್ಮೇಲೆ.

ಆ ಕತೆ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಹೇಳೋದೆಲ್ಲ ಅಲ್ಲಿಂದಾನೇ ಬಂದಿದ್ದು. ಬೆಂಗಳೂರಲ್ಲಿ ದೊಡ್ಡ ಗಾಜಿನ ಶೋರೂಮ್, ಒಳಗೆ ಕಾಫಿ ಮಷೀನು, ಸೋಫಾ, ಗೋಡೆ ಮೇಲೆ ಲಡಾಖ್ ಫೋಟೋ. ಬೈಕ್ ಯಾವ್ದು, ಶೋರೂಮ್ ಯಾವ್ದು ಅಂತ ಹೇಳಲ್ಲ ಬಿಡಿ. ಫಸ್ಟ್ ಸರ್ವೀಸ್ ಮಾಡಿಸ್ಕೊಂಡು ಮೂರೇ ದಿನಕ್ಕೆ ಚಿಕ್ಕಮಗಳೂರು ಕಡೆ ಹೊರಟ್ವಿ, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನೋಕೆ ನಿಲ್ಲಿಸಿದಾಗ ಫ್ರೆಂಡ್ ಒಬ್ಬ "ಲೋ ಕೆಳಗೆ ಏನೋ ತೊಟ್ಟಿಕ್ತಿದೆ ನೋಡೋ" ಅಂದ. ಇಂಜಿನ್ ಆಯಿಲ್. ಸರ್ವೀಸಲ್ಲಿ ಡ್ರೈನ್ ಬೋಲ್ಟನ್ನ, ಅಂದ್ರೆ ಹಳೇ ಆಯಿಲ್ ಇಳಿಸೋಕೆ ಇಂಜಿನ್ ಕೆಳಗಿರೋ ಬೋಲ್ಟನ್ನ, ಮೈಮೇಲೆ ದೆವ್ವ ಬಂದೋನ್ ಥರ ಟೈಟ್ ಮಾಡಿ ಥ್ರೆಡ್ ತಿಂದು ಹಾಕಿದ್ರು. ಅಲ್ಲೇ ಇದ್ದ ಸಣ್ಣ ಗ್ಯಾರೇಜಿನ ಹುಡುಗ ಎಂ-ಸೀಲ್ ಮೆತ್ತಿ, ಎರಡು ಗಂಟೆ ಒಣಗಕ್ಕೆ ಬಿಟ್ಟು, ಆಯಿಲ್ ಟಾಪ್ ಅಪ್ ಮಾಡಿ "ಘಾಟಿ ಇಳೀಬೇಡಿ ಸಾರ್, ಹಂಗೇ ಮೆಲ್ಲಗೆ ವಾಪಸ್ ಹೋಗಿ" ಅಂದ. ಚಾರ್ಮಾಡಿ ನೋಡೋಕೆ ಹೋದೋರು ಕೊಟ್ಟಿಗೆಹಾರದ ಮಂಜು ನೋಡ್ಕೊಂಡು ವಾಪಸ್.

ಶೋರೂಮಿಗೆ ಹೋದ್ರೆ "ನೀವೇ ಎಲ್ಲೋ ಕಲ್ಲಿಗೆ ಹೊಡೆಸಿದೀರ ಸಾರ್, ವಾರಂಟಿ ಬರಲ್ಲ" ಅಂದ್ರು. ಜಾಬ್ ಕಾರ್ಡ್ (ಸರ್ವೀಸಿಗೆ ಬಿಟ್ಟಾಗ ಗಾಡಿ ಸ್ಥಿತಿ, ಮಾಡೋ ಕೆಲಸ ಬರ್ಕೊಳ್ಳೋ ಚೀಟಿ) ಕಾಪಿ ನನ್ನತ್ರ ಇರ್ಲಿಲ್ಲ, ಕೊಟ್ಟಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಕೊನೆಗೆ ನನ್ನ ದುಡ್ಡಲ್ಲೇ ರಿಪೇರಿ ಆಯ್ತು. ಅವತ್ತು ನಂಗೆ ಬೈಕ್ ಮಾರಿದ ಹುಡುಗ ಆ ಶೋರೂಮಲ್ಲೇ ಇರ್ಲಿಲ್ಲ, ಕೆಲಸ ಬಿಟ್ಟು ಬೇರೆ ಕಂಪನಿ ಸೇರ್ಕೊಂಡಿದ್ದ, ನನಗೆ ಕೊಟ್ಟ ಮಾತೆಲ್ಲ ಅವನ ಜೊತೇನೇ ಹೋಗಿತ್ತು.

ಆಫೀಸಿಗೆ ಓಡಿಸೋ ಸ್ಕೂಟರ್ ಆದ್ರೆ ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋದು ಬೇಡ, ಕೆಟ್ರೆ ಆಟೋ ಹತ್ತಿ ಹೋಗ್ತೀರ. ಟೂರಿಂಗ್ ಬೈಕು ಕೆಡೋದು ಬಿಸ್ಲೆ ಘಾಟಲ್ಲೋ ಸ್ಪಿಟಿಯಲ್ಲೋ, ಸಿಗ್ನಲ್ ಇಲ್ಲದ ಕಡೆ, ಮಳೇಲಿ, ಹಿಂದೆ ಹೆಂಡ್ತಿ ಕೂತಿರೋವಾಗ. ಹಂಗಾಗಿ ಬೈಕ್ ಮಾರೋನಿಗಿಂತ ಅದನ್ನ ಬಿಚ್ಚಿ ಜೋಡಿಸೋನು ಯಾರು ಅನ್ನೋದೇ ಇಲ್ಲಿ ಮುಖ್ಯ. ನಾನು ಮಾಡೋದು ಇಷ್ಟೇ, ಶೋರೂಮಿಗೆ ಹೋಗೋ ಮುಂಚೆ ಸರ್ವೀಸ್ ಸೆಂಟರಿಗೆ ಹೋಗ್ತೀನಿ.

ಶನಿವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋಗಿ, ಎಲ್ರೂ ಗಾಡಿ ಬಿಡೋಕೆ ಬಂದಿರ್ತಾರೆ. ಸುಮ್ನೆ ಒಂದು ಕಡೆ ನಿಂತ್ಕೊಂಡು ಅರ್ಧ ಗಂಟೆ ನೋಡಿ. ಸರ್ವೀಸ್ ಅಡ್ವೈಸರ್ ಕಸ್ಟಮರ್ ಹೇಳಿದ್ದನ್ನ ಬರ್ಕೊಳ್ತಿದಾನಾ ಇಲ್ಲಾ "ಆಯ್ತು ಸಾರ್, ನೋಡ್ತೀವಿ ಸಾರ್" ಅಂತ ತಲೆ ಅಲ್ಲಾಡಿಸ್ತಿದಾನಾ? ಗಾಡಿ ಸುತ್ತ ಒಂದ್ ರೌಂಡ್ ಬಂದು ಇರೋ ಸ್ಕ್ರಾಚು, ಪೆಟ್ರೋಲ್ ಎಷ್ಟಿದೆ, ಕಿಲೋಮೀಟರ್ ಎಷ್ಟು ಅಂತ ಜಾಬ್ ಕಾರ್ಡಲ್ಲಿ ಹಾಕ್ತಿದಾನಾ? ಮೆಕ್ಯಾನಿಕ್ ಕೈಲಿ ಟಾರ್ಕ್ ರೆಂಚ್, ಅಂದ್ರೆ ಬೋಲ್ಟನ್ನ ಅಳತೆಗೆ ತಕ್ಕಷ್ಟೇ ಟೈಟ್ ಮಾಡೋ ಸ್ಪ್ಯಾನರ್, ಕಾಣುತ್ತಾ ಇಲ್ಲಾ ಎಲ್ಲಕ್ಕೂ ಉದ್ದ ಹಿಡಿಯ ಸ್ಪ್ಯಾನರೇನಾ? (ನನ್ನ ಡ್ರೈನ್ ಬೋಲ್ಟ್ ನೆನಪಾಗುತ್ತೆ, ಏನ್ ಮಾಡ್ಲಿ.) ಬಿಚ್ಚಿದ ಬೋಲ್ಟುಗಳು ಟ್ರೇಲಿ ಇದಾವಾ, ನೆಲದ್ ಮೇಲೆ ಚೆಲ್ಲಾಡಿದಾವಾ? ಧೂಳು ಹಿಡಿದು ಮೂಲೇಲಿ ನಿಂತಿರೋ ಬೈಕ್ ಎಷ್ಟಿವೆ? ಅವು ಪಾರ್ಟ್ ಬರ್ಲಿ ಅಂತ ಕಾಯ್ತಿರೋ ಗಾಡಿಗಳು, ಒಂದೆರಡು ಎಲ್ಲಾ ಕಡೆ ಇರ್ತವೆ, ಎಂಟು ಹತ್ತು ಇದ್ರೆ ಯೋಚ್ನೆ ಮಾಡಿ.

ಸಂಜೆ ಐದೂವರೆ ಆರರ ಹೊತ್ತಿಗೆ ಇನ್ನೊಂದ್ ಸಲ ಹೋಗೋಕಾದ್ರೆ ಹೋಗಿ. ಬೆಳಗ್ಗೆ ಎಲ್ರೂ ನಗ್ತಾ ಇರ್ತಾರೆ, ಸಂಜೆ ಬಿಲ್ ಕೈಗೆ ಬಂದಾಗ ಗೊತ್ತಾಗೋದು. ಗಾಡಿ ತಗೊಂಡು ಹೊರಗೆ ಬರೋರನ್ನೇ ಮಾತಾಡ್ಸಿ, "ಅಣ್ಣಾ, ಈ ಬೈಕ್ ತಗೋಬೇಕು ಅಂತಿದೀನಿ, ಸರ್ವೀಸ್ ಹೆಂಗಿದೆ ಇಲ್ಲಿ" ಅಂತ ಕೇಳಿದ್ರೆ ಬೈಕ್ ಓಡಿಸೋರು ಬಾಯ್ತುಂಬ ಹೇಳ್ತಾರೆ, ನಿಲ್ಲಿಸೋದೇ ಕಷ್ಟ. ನಾನು ಎರಡನೇ ಬೈಕ್ ತಗೊಂಡ ಡೀಲರ್ ಹತ್ರ ಹೀಗೇ ಒಬ್ರನ್ನ ಕೇಳಿದ್ದೆ, ಅವ್ರು "ಟೈಮಿಗೆ ಕೊಡಲ್ಲ, ಆದ್ರೆ ಸುಳ್ಳ್ ಹೇಳಲ್ಲ" ಅಂದ್ರು. ನಂಗೆ ಅಷ್ಟು ಸಾಕಾಗಿತ್ತು.

ಸರ್ವೀಸ್ ಸೆಂಟರ್ ಪಕ್ಕದಲ್ಲೇ ಸ್ಪೇರ್ಸ್ ಕೌಂಟರ್ ಇರುತ್ತೆ, ಅಲ್ಲೂ ಒಂದು ಪರೀಕ್ಷೆ ಮಾಡಿ. ನೀವು ತಗೋಬೇಕು ಅಂತಿರೋ ಮಾಡೆಲ್ಲಿಗೆ ಕ್ಲಚ್ ಕೇಬಲ್, ಕ್ಲಚ್ ಲಿವರ್, ಬ್ರೇಕ್ ಲಿವರ್, ಮುಂದಿನ ಹಿಂದಿನ ಬ್ರೇಕ್ ಪ್ಯಾಡು, ಏರ್ ಫಿಲ್ಟರು, ಆಯಿಲ್ ಫಿಲ್ಟರು, ಒಂದು ಇಂಡಿಕೇಟರ್, ಇಷ್ಟು ಸ್ಟಾಕ್ ಇದ್ಯಾ, ರೇಟ್ ಎಷ್ಟು ಅಂತ ಕೇಳಿ. ಟೂರಿಗೆ ಹೋಗೋನು ಬ್ಯಾಗಲ್ಲಿ ಇಟ್ಕೊಂಡು ಹೋಗೋ ಸಾಮಾನೇ ಇವು, ಬೈಕ್ ನಿಂತಲ್ಲೇ ಬಿದ್ರೂ ಮೊದ್ಲು ಮುರಿಯೋದು ಲಿವರ್ರೇ. ಕಂಪ್ಯೂಟರಲ್ಲಿ ಪಾರ್ಟ್ ನಂಬರ್ ಹಾಕಿ ಎರಡು ನಿಮಿಷದಲ್ಲಿ "ಇದು ಇದೆ, ಇದು ಆರ್ಡರ್ ಹಾಕ್ಬೇಕು, ಹತ್ತು ದಿನ ಆಗುತ್ತೆ" ಅಂದ್ರೆ ಒಳ್ಳೇ ಕಡೆ ಬಂದಿದೀರ. "ಎಲ್ಲಾ ಸಿಗುತ್ತೆ ಸಾರ್, ನೀವ್ ಬೈಕ್ ತಗೊಳ್ಳಿ ಮೊದ್ಲು" ಅಂದ್ರೆ ಏನೂ ಸಿಗಲ್ಲ.

ಗೂಗಲ್ ರಿವ್ಯೂ ಬಗ್ಗೆ ಒಂದ್ ಮಾತು. ಐದು ಸ್ಟಾರ್ ನೋಡಿ ಮರುಳಾಗ್ಬೇಡಿ. ಡೆಲಿವರಿ ದಿನ ಹಾರ ಹಾಕಿ, ಫೋಟೋ ತೆಗ್ದು, ಕೀ ಕೊಡೋ ಮುಂಚೆ ಕ್ಯೂಆರ್ ಕೋಡ್ ಮುಖದ್ ಮುಂದೆ ಹಿಡಿದು "ಸಾರ್ ನನ್ನ ಹೆಸರು ಹಾಕಿ ಒಂದು ಫೈವ್ ಸ್ಟಾರ್ ಕೊಟ್ಬಿಡಿ" ಅಂತಾರೆ, ಆ ಖುಷೀಲಿ ಯಾರು ತಾನೇ ಇಲ್ಲ ಅಂತಾರೆ, ನಾನೂ ಕೊಟ್ಟಿದ್ದೆ. ಆಮೇಲೆ ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬಂದ್ರೆ ಹತ್ತಕ್ಕೆ ಹತ್ತು ಹೇಳಿ ಸಾರ್, ಇಲ್ಲಾಂದ್ರೆ ಇನ್ಸೆಂಟಿವ್ ಕಟ್ ಆಗುತ್ತೆ ಅಂತ ಗೋಗರೀತಾರೆ. ಹಂಗಾಗಿ ಸೇಲ್ಸ್ ಹುಡುಗನ ಹೆಸರಿರೋ ರಿವ್ಯೂ ಎಲ್ಲಾ ಬಿಟ್ಟು, ಎರಡು ಮೂರು ಸ್ಟಾರಿನ ಉದ್ದುದ್ದ ರಿವ್ಯೂ ಓದಿ, ಸರ್ವೀಸ್, ವಾರಂಟಿ, ಆರ್‌ಸಿ ಅನ್ನೋ ಪದ ಹಾಕಿ ಹುಡುಕಿ. ಒಂದೇ ಥರದ ದೂರು ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯವರು ಬರ್ದಿದ್ರೆ ಅದು ಆ ಡೀಲರ್ ಅಭ್ಯಾಸ ಅಂತ ತಿಳ್ಕೊಳ್ಳಿ.

ಇನ್ನು ಶೋರೂಮ್ ಒಳಗೆ ಹೋಗೋಣ. ಸೇಲ್ಸ್ ಹುಡುಗ್ರು ಪಾಪ ಟಾರ್ಗೆಟ್ ಒತ್ತಡದಲ್ಲಿರ್ತಾರೆ, ಅವ್ರ ಮೇಲೆ ನಂಗೆ ಕೋಪ ಇಲ್ಲ, ಆದ್ರೆ ಅವ್ರಲ್ಲಿ ಬೈಕ್ ಓಡಿಸೋನು ಯಾರು, ಬರೀ ಬಾಯಿಪಾಠ ಮಾಡಿರೋನು ಯಾರು ಅಂತ ಬೇಗ ಗೊತ್ತಾಗುತ್ತೆ. ನಂಗೆ ಒಬ್ಬ "ಸಾರ್ ಈ ಬೈಕಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇಲಿ ಒಂದೂವರೆ ಗಂಟೆ ಅಷ್ಟೇ" ಅಂದ. 2023ರ ಆಗಸ್ಟ್ 1ರಿಂದ ಆ ಎಕ್ಸ್‌ಪ್ರೆಸ್‌ವೇ ಮೇನ್ ಲೇನಲ್ಲಿ ಬೈಕೇ ಬಿಡಲ್ಲ ಗುರು, ಸರ್ವೀಸ್ ರೋಡಲ್ಲಿ ಹೋಗ್ಬೇಕು. ಸರಿ ಅಂತ ನಕ್ಕು ಎದ್ದು ಬಂದೆ. ಕೇಳೋಕೆ ಒಳ್ಳೇ ಪ್ರಶ್ನೆ ಬೇಕಂದ್ರೆ ಚಕ್ರದ್ದು ಕೇಳಿ, ಉದಾಹರಣೆಗೆ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450 ನೋಡ್ತಿದ್ರೆ, ಅದು 2023ರ ಕೊನೇಲಿ ಬಂದಾಗ ಸ್ಪೋಕ್ ವೀಲಿಗೆ ಟ್ಯೂಬ್ ಇತ್ತು, ಟ್ಯೂಬ್‌ಲೆಸ್ ಸ್ಪೋಕ್ ಆಪ್ಷನ್ ಸಿಕ್ಕಿದ್ದು 2024ರ ಅಕ್ಟೋಬರಲ್ಲಿ. "ನೀವ್ ಕೊಡ್ತಿರೋ ಗಾಡೀಲಿ ಟ್ಯೂಬಾ, ಟ್ಯೂಬ್‌ಲೆಸ್ಸಾ, ವ್ಯತ್ಯಾಸ ಎಷ್ಟು" ಅಂತ ಕೇಳಿ. ಗೊತ್ತಿಲ್ದಿದ್ರೆ "ಕೇಳಿ ಹೇಳ್ತೀನಿ ಸಾರ್" ಅನ್ನೋನು ನಂಬೋ ಮನುಷ್ಯ. ಕಾಡಲ್ಲಿ ಪಂಕ್ಚರ್ ಆದಾಗ ಈ ವ್ಯತ್ಯಾಸ ಏನು ಅಂತ ನಿಮ್ಗೇ ಅರ್ಥ ಆಗುತ್ತೆ, ಟ್ಯೂಬ್‌ಲೆಸ್ ಆದ್ರೆ ಹತ್ತು ನಿಮಿಷ, ಟ್ಯೂಬ್ ಆದ್ರೆ ಚಕ್ರ ಬಿಚ್ಚಿ ಬೆವರು ಸುರಿಸ್ಬೇಕು.

ಟೆಸ್ಟ್ ರೈಡ್ ವಿಷ್ಯದಲ್ಲಿ ಜಿಪುಣತನ ಮಾಡೋ ಡೀಲರನ್ನ ನಾನು ನಂಬಲ್ಲ. ಶೋರೂಮ್ ಹಿಂದಿನ ಗಲ್ಲೀಲಿ ಒಂದು ಸುತ್ತು ಹೊಡೆಸಿ "ಆಯ್ತಲ್ಲ ಸಾರ್, ಬುಕ್ ಮಾಡೋಣ್ವಾ" ಅಂದ್ರೆ ಅದು ಟೆಸ್ಟ್ ರೈಡ್ ಅಲ್ಲ. ಎರಡನೇ ಸಲ ಬೇರೆ ಹೊತ್ತಲ್ಲಿ ಬರ್ತೀನಿ, ಮನೆಯವ್ರನ್ನ ಹಿಂದೆ ಕೂರಿಸ್ಕೊಂಡು ಓಡಿಸ್ತೀನಿ ಅಂತ ಕೇಳಿ, ಟ್ರಾಫಿಕ್ಕಲ್ಲಿ ಕಾಲಿಗೆ ಬಿಸಿ ಎಷ್ಟು ಹೊಡೆಯುತ್ತೆ, ಸೀಟ್ ಎತ್ತರಕ್ಕೆ ಕಾಲು ಸಿಗುತ್ತಾ, ಹಿಂದೆ ಕೂತೋರಿಗೆ ಹತ್ತೋಕೆ ಇಳಿಯೋಕೆ ಆಗುತ್ತಾ ಅಂತ ನೋಡ್ಬೇಕು. ಮೂರು ಲಕ್ಷ ತಗೊಳ್ಳೋರು ಮೂವತ್ತು ನಿಮಿಷ ಕೊಡಲ್ಲ ಅಂದ್ರೆ ವಾರಂಟಿ ಕೇಳೋಕೆ ಹೋದಾಗ ಏನ್ ಕೊಡ್ತಾರೆ?

ಈಗ ದುಡ್ಡು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. "ಆನ್ ರೋಡ್ ಇಷ್ಟು" ಅಂತ, ಅಂದ್ರೆ ಎಲ್ಲಾ ಸೇರಿ ಇಷ್ಟು ಅಂತ, ಒಂದೇ ನಂಬರ್ ಹೇಳಿದ್ರೆ ಒಪ್ಕೋಬೇಡಿ, ಸೀಲ್ ಹಾಕಿದ ಕೊಟೇಶನ್ ಕೇಳಿ, ಅದ್ರಲ್ಲಿ ಎಕ್ಸ್ ಶೋರೂಮ್ (ಬರೀ ಗಾಡಿ ಬೆಲೆ) ಬೇರೆ, ಲೈಫ್ ಟ್ಯಾಕ್ಸ್ ಬೇರೆ, ರಿಜಿಸ್ಟ್ರೇಶನ್ ಫೀ ಬೇರೆ, ಇನ್ಶೂರೆನ್ಸ್ ಬೇರೆ, ಆಕ್ಸೆಸರೀಸ್ ಬೇರೆ ಬೇರೆ ಸಾಲಲ್ಲಿ ಇರ್ಬೇಕು. ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬೈಕಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟು, ಅದರ ಮೇಲೆ ಸೆಸ್ ಬೇರೆ. ಅಂದ್ರೆ ಎರಡೂವರೆ ಲಕ್ಷದ ಗಾಡಿಗೆ ಬರೀ ಟ್ಯಾಕ್ಸೇ 45,000, ಮೂರು ಲಕ್ಷಕ್ಕೆ 54,000. ಇದನ್ನ ಡೀಲರ್ ಕಮ್ಮಿ ಮಾಡೋಕೂ ಆಗಲ್ಲ, ಜಾಸ್ತಿ ಮಾಡೋಕೂ ಆಗಲ್ಲ, ಹಂಗಾಗಿ ಮನೇಲೇ ಲೆಕ್ಕ ಹಾಕ್ಕೊಂಡು ಹೋದ್ರೆ ಉಳಿದ ಸಾಲುಗಳಲ್ಲಿ ಏನು ನುಗ್ಗಿಸಿದಾರೆ ಅಂತ ಕಣ್ಣಿಗೆ ಹೊಡೆಯುತ್ತೆ.

ಎಕ್ಸ್ ಶೋರೂಮ್ ಬೆಲೇನ ಕಂಪನಿ ವೆಬ್‌ಸೈಟಲ್ಲಿ ಅವತ್ತೇ ನೋಡ್ಕೊಳ್ಳಿ, ಹಳೇ ವಿಡಿಯೋ ನೋಡಿ ಹೋಗ್ಬೇಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ, 350 ಸಿಸಿವರೆಗಿನ ಬೈಕಿಗೆ 28ರಿಂದ 18 ಪರ್ಸೆಂಟಿಗೆ ಇಳೀತು, 350 ದಾಟಿದ್ದಕ್ಕೆ ಮೊದ್ಲು 28 ಮತ್ತು ಸೆಸ್ 3 ಸೇರಿ 31 ಇದ್ದಿದ್ದು 40ಕ್ಕೆ ಹೋಯ್ತು. ಅಂದ್ರೆ ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ ಥರದ 250 ಸಿಸಿ ಗಾಡಿ ಗೆರೆಯ ಈ ಕಡೆ, 452 ಸಿಸಿಯ ಹಿಮಾಲಯನ್ ಆ ಕಡೆ. ಟೂರಿಂಗ್ ಬೈಕ್ ತಗೊಳ್ಳೋರಿಗೆ ಈ 350ರ ಗೆರೆ ಇನ್ಶೂರೆನ್ಸಲ್ಲೂ ಅಡ್ಡ ಬರುತ್ತೆ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವ್ರಿಗೆ ಆದ ನಷ್ಟಕ್ಕೆ) ಕಡ್ಡಾಯ, 2022ರಲ್ಲಿ ಸರ್ಕಾರ ನಿಗದಿ ಮಾಡಿದ ದರದ ಪ್ರಕಾರ 150ರಿಂದ 350 ಸಿಸಿವರೆಗೆ 7,365 ರೂಪಾಯಿ, 350 ದಾಟಿದ್ರೆ 15,117, ಅದರ ಮೇಲೆ ಜಿಎಸ್‌ಟಿ. ಇದು ಯಾವ ಕಂಪನಿ ಆದ್ರೂ ಒಂದೇ.

ಚೌಕಾಸಿ ನಡೆಯೋದು ಓನ್ ಡ್ಯಾಮೇಜ್, ಅಂದ್ರೆ ನಮ್ಮ ಗಾಡಿಗೇ ಆಗೋ ನಷ್ಟದ ಭಾಗದಲ್ಲಿ. ಅದು ಒಂದು ವರ್ಷಕ್ಕೆ ತಗೊಂಡ್ರೆ ಸಾಕು. ಶೋರೂಮಿಗೆ ಹೋಗೋ ಮುಂಚೆ ಆನ್‌ಲೈನಲ್ಲಿ ಅದೇ ಐಡಿವಿಗೆ (ಗಾಡಿ ಕಳುವಾದ್ರೆ ಇನ್ಶೂರೆನ್ಸ್ ಕೊಡೋ ಗರಿಷ್ಠ ಮೊತ್ತ), ಝೀರೋ ಡೆಪ್ (ಪಾರ್ಟ್ ಹಳೇದಾಯ್ತು ಅಂತ ಕ್ಲೇಮಲ್ಲಿ ಕಡಿತ ಮಾಡದ ಕವರ್) ಸೇರಿಸಿ ಒಂದು ಕೋಟ್ ತೆಗ್ದು ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಹೊಸ ಗಾಡಿಗೆ ಐಡಿವಿ ಅಂದ್ರೆ ಬೆಲೆಯ 95 ಪರ್ಸೆಂಟ್, ಅದಕ್ಕಿಂತ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸಿದ್ರೆ ಖುಷಿ ಪಡ್ಬೇಡಿ, ಗಾಡಿ ಕಳುವಾದ್ರೆ ಆಗ ಅಳ್ಬೇಕಾಗುತ್ತೆ. ಪರ್ಸನಲ್ ಆಕ್ಸಿಡೆಂಟ್ ಕವರ್ 15 ಲಕ್ಷದ್ದು ನಿಮ್ಮತ್ರ ಆಗ್ಲೇ ಇದ್ರೆ ಮತ್ತೆ ಬೇಕಿಲ್ಲ, ಡಿಕ್ಲರೇಶನ್ ಕೊಟ್ರೆ ಸಾಕು, ಇದನ್ನ ತಾವಾಗೇ ಹೇಳೋ ಡೀಲರ್ ಸಿಕ್ಕಿದ್ರೆ ಅವ್ರ ಹತ್ರಾನೇ ಬೈಕ್ ತಗೊಳ್ಳಿ, ತಮಾಷೆ ಮಾಡ್ತಿಲ್ಲ. "ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸ್ಬೇಕು, ಹೊರಗಿಂದು ನಡೆಯಲ್ಲ" ಅಂದ್ರೆ ಆ ಮಾತನ್ನ ಈಮೇಲಲ್ಲಿ ಬರೆದು ಕೊಡಿ ಅನ್ನಿ. ಬರ್ದು ಕೊಡಲ್ಲ.

ಹ್ಯಾಂಡ್ಲಿಂಗ್ ಚಾರ್ಜು, ಲಾಜಿಸ್ಟಿಕ್ಸು, ಫೈಲ್ ಚಾರ್ಜು, ಟೆಫ್ಲಾನ್ ಕೋಟಿಂಗು, "ಎಸೆನ್ಷಿಯಲ್ ಕಿಟ್ಟು", ಹೆಸರು ದಿನಕ್ಕೊಂದು. ಗೋಡೌನಿಂದ ಶೋರೂಮಿಗೆ ಗಾಡಿ ತಂದಿದ್ದಕ್ಕೆ ನಾನ್ಯಾಕೆ ದುಡ್ಡು ಕೊಡ್ಬೇಕು? ಇದಕ್ಕೆ ನನ್ನ ಹತ್ರ ಒಂದೇ ಮಂತ್ರ, "ಇದಕ್ಕೆ ಜಿಎಸ್‌ಟಿ ಬಿಲ್ ಕೊಡ್ತೀರಾ?" ಅಷ್ಟೇ. ಅರ್ಧ ಸಾಲು ಅಲ್ಲೇ ಅಳಿಸ್ಹೋಗುತ್ತೆ. ಹೆಲ್ಮೆಟ್ ಕೊಡ್ಬೇಕು ಅಂತ ಮೋಟಾರ್ ವಾಹನ ನಿಯಮದಲ್ಲೇ ಇದೆ, ಹಿಂದೆ ಕೂರೋರಿಗೆ ಹಿಡ್ಕೊಳ್ಳೋ ಹಿಡಿ, ಫುಟ್ ರೆಸ್ಟು, ಸ್ಯಾರಿ ಗಾರ್ಡು ಕೂಡ ಗಾಡೀಲಿ ಇರ್ಲೇಬೇಕಾದ್ದು, ಅವನ್ನೂ ಆಕ್ಸೆಸರಿ ಅಂತ ಬಿಲ್ ಹಾಕೋರಿದಾರೆ, ನೋಡ್ಕೊಳ್ಳಿ.

ಆಕ್ಸೆಸರೀಸ್ ಅಂದಾಗ ಟೂರಿಂಗ್ ಹುಚ್ಚಿರೋರು ಜಾರಿ ಬೀಳೋದು ಇಲ್ಲೇ. ಕ್ರ್ಯಾಶ್ ಗಾರ್ಡು, ಇಂಜಿನ್ ಕೆಳಗಿನ ಸಂಪ್ ಗಾರ್ಡು, ಪಕ್ಕಕ್ಕೆ ಕಟ್ಟೋ ಪ್ಯಾನಿಯರ್ ಪೆಟ್ಟಿಗೆ, ಟಾಪ್ ಬಾಕ್ಸು, ಫಾಗ್ ಲೈಟು, ಎಲ್ಲಾ ಒಂದೇ ದಿನ ಹಾಕಿಸ್ಬೇಕು ಅನ್ಸುತ್ತೆ. ಕ್ರ್ಯಾಶ್ ಗಾರ್ಡ್ ಒಂದು ಹಾಕಿಸಿ, ಉಳಿದಿದ್ದು ಸಾವಿರ ಕಿಲೋಮೀಟರ್ ಓಡಿಸಿದ್ಮೇಲೆ ಏನು ಬೇಕು ಅಂತ ನಿಮ್ಗೇ ಗೊತ್ತಾಗುತ್ತೆ. ಫಾಗ್ ಲೈಟ್ ಹಾಕಿಸೋದಾದ್ರೆ ವೈರ್ ಕತ್ತರಿಸಿ ಟೇಪ್ ಸುತ್ತುತಾರಾ ಇಲ್ಲಾ ಕಪ್ಲರ್ ಇರೋ ಹಾರ್ನೆಸ್ಸು (ಕತ್ತರಿಸ್ದೆ ಪ್ಲಗ್ ಥರ ಜೋಡಿಸೋ ವೈರಿಂಗು), ರಿಲೇ, ಫ್ಯೂಸ್ ಹಾಕಿ ಕೂರಿಸ್ತಾರಾ ಕೇಳಿ. ವೈರ್ ಕತ್ತರಿಸಿದ ಗಾಡಿಗೆ ನಾಳೆ ಕರೆಂಟ್ ಸಮಸ್ಯೆ ಬಂದ್ರೆ ವಾರಂಟಿ ಇಲ್ಲ ಅಂತಾರೆ, ತಮಾಷೆ ಅಂದ್ರೆ ಕತ್ತರಿಸಿದ್ದು ಅದೇ ಡೀಲರ್ ಆಗಿದ್ರೂ ಹಂಗೇ ಅಂತಾರೆ. ಹಂಗಾಗಿ ಅವ್ರೇ ಫಿಟ್ ಮಾಡಿದ್ದು ಅಂತ ಬಿಲ್ಲಲ್ಲಿ ಬರೆಸ್ಕೊಳ್ಳಿ.

ಬೆಂಗಳೂರಿನವ್ರಿಗೆ ಇನ್ನೊಂದು ಆಸೆ, ತಮಿಳುನಾಡಿನ ಹೊಸೂರಲ್ಲಿ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ ಅಂತ. "ಅಡ್ರೆಸ್ ಪ್ರೂಫ್ ನಾವೇ ಹೊಂದಿಸ್ತೀವಿ ಸಾರ್" ಅನ್ನೋ ಡೀಲರ್ ಸಿಕ್ರೆ ನನ್ನ ಸಲಹೆ ಒಂದೇ, ಹೆಲ್ಮೆಟ್ ಹಾಕ್ಕೊಂಡು ವಾಪಸ್ ಬನ್ನಿ. ಸರ್ಕಾರಕ್ಕೆ ಸುಳ್ಳು ಕಾಗದ ಕೊಡೋಕೆ ಹೇಸದೋನು ನಿಮ್ಮ ಜಾಬ್ ಕಾರ್ಡಲ್ಲಿ ಸುಳ್ಳು ಬರೆಯೋಕೆ ಹೇಸ್ತಾನಾ? ಆಮೇಲೆ ಇಲ್ಲಿ ಆರ್‌ಟಿಒ ಹಿಡಿದ್ರೆ ಟ್ಯಾಕ್ಸ್ ಕಟ್ಟೋದು ನೀವೇ, ಅವನಲ್ಲ.

ಊರ ಕಡೆ ಇರೋರ ಕತೆ ಬೇರೆ. ಸಾಗರದಲ್ಲೋ ಮೂಡಿಗೆರೇಲೋ ಇದೀರ, ಬೆಂಗಳೂರಲ್ಲಿ ಐದಾರು ಸಾವಿರ ಡಿಸ್ಕೌಂಟ್ ಸಿಗ್ತಿದೆ ಅಂತಿಟ್ಕೊಳ್ಳಿ. ತಗೋಬಹುದು, 2019ರ ತಿದ್ದುಪಡಿ ಆದ್ಮೇಲೆ ರಾಜ್ಯದೊಳಗೆ ಯಾವ ಆರ್‌ಟಿಒದಲ್ಲಾದ್ರೂ ರಿಜಿಸ್ಟರ್ ಮಾಡಿಸೋ ಅವಕಾಶ ಕಾನೂನಲ್ಲಿದೆ. ಕಂಪನಿ ವಾರಂಟಿನೂ ಅದೇ ಕಂಪನಿಯ ಯಾವ ಸರ್ವೀಸ್ ಸೆಂಟರಲ್ಲಾದ್ರೂ ನಡೀಬೇಕು. ಆದ್ರೆ ನಿಜ ಹೇಳ್ಬೇಕಂದ್ರೆ ನಿಮ್ ಗಾಡಿ ಹೋಗಿ ನಿಲ್ಲೋದು ಶಿವಮೊಗ್ಗದ್ದೋ ಚಿಕ್ಕಮಗಳೂರಿದ್ದೋ ಸರ್ವೀಸಲ್ಲಿ, ಅಲ್ಲಿ ಪಾರ್ಟಿಗೆ ಕ್ಯೂ ಇದ್ರೆ "ನಮ್ಮತ್ರ ತಗೊಂಡೋರು" ಮುಂದೆ, ನೀವು ಹಿಂದೆ. ಹಿಂಗ್ ಮಾಡ್ಬಾರ್ದು, ಆದ್ರೂ ಮಾಡ್ತಾರೆ. ಐದು ಸಾವಿರ ಉಳಿಸೋಕೆ ಹೋಗಿ ವರ್ಷಕ್ಕೆ ಎರಡು ಸಲ ಅವ್ರ ಮುಖ ನೋಡೋದಕ್ಕಿಂತ, ಹತ್ರದೋರತ್ರಾನೇ ಬೆಂಗಳೂರಿನ ಕೊಟೇಶನ್ ತೋರಿಸಿ ಕೇಳಿ, ಪೂರ್ತಿ ಅಲ್ದಿದ್ರೂ ಸ್ವಲ್ಪ ಇಳೀತಾರೆ.

ಇನ್ನೊಂದು ಮರೀಬೇಡಿ, ಡೀಲರ್ ಒಳ್ಳೆಯವ್ರಾದ್ರೂ ಹಿಂದಿರೋ ಕಂಪನಿ ನಿಲ್ಬೇಕು. 2020ರ ಸೆಪ್ಟೆಂಬರಲ್ಲಿ ಹಾರ್ಲೆ-ಡೇವಿಡ್ಸನ್ ಇಂಡಿಯಾದಲ್ಲಿ ನೇರ ಮಾರಾಟ ನಿಲ್ಲಿಸ್ತೀವಿ, ಹರಿಯಾಣದ ಬಾವಲ್ ಫ್ಯಾಕ್ಟರಿ ಮುಚ್ತೀವಿ ಅಂದಾಗ ಲಕ್ಷಗಟ್ಲೆ ಸುರಿದೋರೆಲ್ಲ ತಲೆ ಮೇಲೆ ಕೈ ಹೊತ್ಕೊಂಡಿದ್ರು. ಮುಂದಿನ ತಿಂಗಳೇ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದ ಆಗಿ ಸರ್ವೀಸು, ಪಾರ್ಟ್ಸು ಅವ್ರ ಕೈಗೆ ಹೋಯ್ತು, ಬಚಾವ್. ಹಂಗಾಗಿ ಅಪರೂಪದ ಬ್ರ್ಯಾಂಡ್ ಇಷ್ಟ ಆಗಿದ್ರೆ ಮ್ಯಾಪ್ ತೆಗೆದು ನೀವು ಸುತ್ತೋ ದಾರಿಗಳಲ್ಲಿ, ಹುಬ್ಬಳ್ಳಿ, ಮಂಗಳೂರು, ಹಾಸನ, ಆಮೇಲೆ ಗೋವಾ, ಪುಣೆ, ಎಲ್ಲೆಲ್ಲಿ ಸರ್ವೀಸ್ ಇದೆ ಅಂತ ಗುರುತು ಹಾಕ್ಕೊಳ್ಳಿ. ಬರೀ ಬೆಂಗಳೂರಲ್ಲಿ ಒಂದೇ ಚುಕ್ಕಿ ಇದ್ರೆ ಅದು ಬೆಂಗಳೂರು ಸುತ್ತೋ ಬೈಕು ಅಷ್ಟೇ.

ಬುಕ್ ಮಾಡೋ ದಿನ ಸಣ್ಣ ಮೊತ್ತ ಕೊಡಿ, ಡೀಲರ್ ಅಕೌಂಟಿಗೇ ಹಾಕಿ, ಸೇಲ್ಸ್ ಹುಡುಗನ ಫೋನ್ ನಂಬರಿಗೆ ಯುಪಿಐ ಮಾಡ್ಬೇಡಿ. ಕ್ಯಾನ್ಸಲ್ ಮಾಡಿದ್ರೆ ಎಷ್ಟು ದಿನದಲ್ಲಿ ವಾಪಸ್ ಬರುತ್ತೆ ಅಂತ ರಸೀದಿ ಮೇಲೇ ಬರೆಸಿ.

ಇನ್ನೊಂದು ದೊಡ್ಡ ವಿಷ್ಯ, ಜಾಸ್ತಿ ಜನ ಎಡವೋದೂ ಇಲ್ಲೇ. ರಿಜಿಸ್ಟ್ರೇಶನ್ನಿಗೆ ಹಾಕೋ ಮುಂಚೆ ನಿಮ್ಮ ಹೆಸರಿಗೆ ಕೊಡೋ ಅದೇ ಗಾಡೀನ ಕಣ್ಣಾರೆ ನೋಡ್ಬೇಕು. ಇದಕ್ಕೆ ಪಿಡಿಐ (ಡೆಲಿವರಿಗೆ ಮುಂಚಿನ ತಪಾಸಣೆ) ಅಂತಾರೆ, ಎಲ್ಲಾ ಡೀಲರೂ "ನಾವೇ ಮಾಡ್ತೀವಿ ಸಾರ್" ಅಂತಾರೆ, ನೀವೂ ಮಾಡಿ. ರಿಜಿಸ್ಟ್ರೇಶನ್ ಆದ್ಮೇಲೆ ಟ್ಯಾಂಕಲ್ಲಿ ಡೆಂಟ್ ಕಂಡ್ರೆ ಗಾಡಿ ಬದಲಾಯಿಸೋಕಾಗಲ್ಲ, ಟಚಪ್ ಮಾಡಿ ಕೊಡ್ತಾರೆ ಅಷ್ಟೇ. ಗೋಡೌನಿಗೆ ಹಗಲು ಹೊತ್ತಲ್ಲಿ ಹೋಗಿ, ಚಾಸಿ ನಂಬರ್ ಫೋಟೋ ತೆಗೀರಿ, ಓಡೋಮೀಟರ್ ನೋಡಿ, ಹತ್ತರ ಒಳಗಿದ್ರೆ ಸರಿ, ಎಂಬತ್ತು ನೂರು ಇದ್ರೆ ಅದು ಯಾರೋ ಓಡಿಸಿದ ಡೆಮೋ ಗಾಡಿ ಇರ್ಬಹುದು. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ, 2325 ಅಂದ್ರೆ 2025ರ 23ನೇ ವಾರದಲ್ಲಿ ತಯಾರಾದ ಟೈರು. ಮುಂದಿನ ಫೋರ್ಕಿನ ಸೀಲ್ ಹತ್ರ ಆಯಿಲ್ ಜಿನುಗಿದ್ಯಾ, ಚೈನಲ್ಲಿ ತುಕ್ಕಿದ್ಯಾ, ಬೋಲ್ಟಿನ ತಲೇಲಿ ಸ್ಪ್ಯಾನರ್ ಜಾರಿದ ಗುರುತಿದ್ಯಾ, ಹ್ಯಾಂಡಲ್ ನೇರ ಇದ್ಯಾ ನೋಡಿ. ಗಾಡಿ ತಯಾರಾದ ತಿಂಗಳು ವರ್ಷ ಫಾರಂ 21ರಲ್ಲಿ, ಅಂದ್ರೆ ಸೇಲ್ ಸರ್ಟಿಫಿಕೇಟಲ್ಲಿ ಇರುತ್ತೆ, ಅದನ್ನ ಕೇಳಿ. ಜನವರೀಲಿ ತಗೊಂಡು ಹೋದ ವರ್ಷದ ಮಾರ್ಚ್ ಗಾಡಿ ಮನೆಗೆ ತಂದ್ರೆ ಮಾರೋವಾಗ ಗೊತ್ತಾಗುತ್ತೆ. ಹಳೇ ಸ್ಟಾಕ್ ತಗೋಬಾರ್ದು ಅಂತಲ್ಲ, ಹಳೇದು ಅಂತ ಹೇಳಿ ಬೆಲೆ ಇಳಿಸಿ ಕೊಟ್ರೆ ತಗೊಳ್ಳಿ, ಮುಚ್ಚಿಟ್ಟು ಕೊಟ್ರೆ ಬೇಡ. ಪಿಡಿಐಗೆ ಬಿಡಲ್ಲ ಅನ್ನೋ ಡೀಲರ್ ಹತ್ರ ಬುಕಿಂಗ್ ದುಡ್ಡು ವಾಪಸ್ ಕೇಳಿ, ಮುಲಾಜು ಬೇಡ.

ಡೆಲಿವರಿ ಅಂದ್ರೆ ನಂಬರ್ ಆಗಿರ್ಬೇಕು, ಟೆಂಪರರಿನಾದ್ರೂ ಇರ್ಬೇಕು. ರಿಜಿಸ್ಟ್ರೇಶನ್ ಇಲ್ದೆ ಗಾಡಿ ಹೊರಗೆ ಕೊಡೋ ಹಾಗಿಲ್ಲ ಅಂತ ನಿಯಮ ಇದೆ, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ) ನಂಬರ್ ಪ್ಲೇಟ್ ಕೂರಿಸಿ ಕೊಡೋದೂ 2019ರ ಏಪ್ರಿಲಿಂದ ಡೀಲರ್ ಕೆಲ್ಸ. "ನಾಳೆ ಒಳ್ಳೇ ದಿನ, ಗಾಡಿ ತಗೊಂಡ್ ಹೋಗಿ, ನಂಬರ್ ಆಮೇಲೆ ನೋಡೋಣ" ಅಂದ್ರೆ ಅಮಾವಾಸ್ಯೆ ಆದ್ರೂ ಪರ್ವಾಗಿಲ್ಲ, ಕಾಯಿರಿ. ದಾರೀಲಿ ಏನಾದ್ರೂ ಆದ್ರೆ ಇನ್ಶೂರೆನ್ಸಿನೋರು ಕೈ ಎತ್ತೋಕೆ ಅಷ್ಟು ಸಾಕು. ಲೋನ್ ಇದ್ರೆ ಆರ್‌ಸೀಲಿ ಬ್ಯಾಂಕ್ ಹೆಸರು ಸರಿ ಇದ್ಯಾ ನೋಡ್ಕೊಳ್ಳಿ.

ಇಷ್ಟೆಲ್ಲ ನೋಡಿ ತಗೊಂಡ್ಮೇಲೂ ಕೈ ಕೊಟ್ರೆ? ಜಗಳ ಆಡ್ಬೇಡಿ, ಬರೀರಿ. ಜಾಬ್ ಕಾರ್ಡ್ ಫೋಟೋ, ಬಿಲ್ಲು, ವಿಡಿಯೋ ಹಾಕಿ ಡೀಲರಿಗೂ ಕಂಪನಿಗೂ ಒಂದೇ ಈಮೇಲ್ ಹಾಕಿ. ವಾರದಲ್ಲಿ ಉತ್ರ ಬರ್ದಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ, ಐದು ಲಕ್ಷದವರೆಗಿನ ಖರೀದಿಗೆ ಫೀ ಇಲ್ಲ, ವಕೀಲ್ರು ಬೇಕು ಅಂತಿಲ್ಲ, ಬೆಂಗಳೂರಲ್ಲಿ ತಗೊಂಡಿದ್ರೂ ನೀವಿರೋ ಜಿಲ್ಲೇಲೇ ಹಾಕ್ಬಹುದು. ನನ್ನ ಡ್ರೈನ್ ಬೋಲ್ಟ್ ಕಾಲದಲ್ಲಿ ನಂಗಿದು ಯಾವ್ದೂ ಗೊತ್ತಿರ್ಲಿಲ್ಲ, ಗೊತ್ತಿದ್ರೂ ಕಾಗದ ಇರ್ಲಿಲ್ಲ.

ಈಗ ನಾನು ಸರ್ವೀಸಿಗೆ ಬಿಡೋವಾಗ ಜಾಬ್ ಕಾರ್ಡ್ ಕಾಪಿ ಕೈಗೆ ಬರೋವರೆಗೂ ಕೌಂಟರ್ ಬಿಟ್ಟು ಕದಲಲ್ಲ, ಮತ್ತೆ ಸರ್ವೀಸ್ ಆದ್ಮೇಲೆ ಒಂದು ಇನ್ನೂರು ಕಿಲೋಮೀಟರ್ ಊರೊಳಗೇ ಓಡಿಸಿ, ಕೆಳಗೆ ರಟ್ಟು ಹಾಸಿ ರಾತ್ರಿ ನಿಲ್ಲಿಸಿ, ಬೆಳಗ್ಗೆ ರಟ್ಟು ಒಣಗಿದ್ರೆ ಮಾತ್ರ ಟೂರು. ಡೆಲಿವರಿ ದಿನಕ್ಕೆ ಒಂದು ಕಿವಿಮಾತು: ಹಾರ ಹಾಕ್ತಾರೆ, ನಿಂಬೆಹಣ್ಣು ಚಕ್ರದ ಕೆಳಗೆ ಇಡ್ತಾರೆ, ಕೇಕ್ ಬೇಕಾದ್ರೂ ಕಟ್ ಮಾಡಿಸ್ತಾರೆ, ಆದ್ರೆ ಟ್ಯಾಂಕಲ್ಲಿ ಮಾತ್ರ ಒಂದು ಲೀಟರ್ ಪೆಟ್ರೋಲೂ ಇರಲ್ಲ, ಒಳ್ಳೇ ಡೀಲರ್ ಹತ್ರಾನೂ ಇರಲ್ಲ. ಹತ್ರದ ಬಂಕ್ ಎಲ್ಲಿದೆ ಅಂತ ಮೊದ್ಲೇ ನೋಡ್ಕೊಂಡು ಹೋಗಿ.